ಹಿಡಿಕೆಗೂ ನೂಕುಬಲಕ್ಕೂ ನಡುವೆ: ಹಾರಾಟದ ಅನುಕರಣೆಯಲ್ಲಿ ಯುದ್ಧವಿಮಾನದ ಎಂಜಿನ್

ಗಣಕದ ಪರದೆಯ ಮುಂದೆ ಕುಳಿತು ಯುದ್ಧವಿಮಾನ ಹಾರಿಸುವವನು ಎಡಗೈಯ ಥ್ರಾಟಲ್ ಹಿಡಿಕೆಯನ್ನು ತುದಿಯವರೆಗೆ ತಳ್ಳುತ್ತಾನೆ. ಧ್ವನಿವರ್ಧಕದಲ್ಲಿ ಗುಡುಗು ಮೊಳಗುತ್ತದೆ, ವಿಮಾನದ ಬಾಲದಲ್ಲಿ ಕಿತ್ತಳೆ ಬಣ್ಣದ ಜ್ವಾಲೆ ಮೂಡುತ್ತದೆ, ವೇಗಸೂಚಿಯ ಮುಳ್ಳು ಏರತೊಡಗುತ್ತದೆ. ಇವೆಲ್ಲವೂ ಒಂದೇ ಕ್ಷಣದಲ್ಲಿ ನಡೆದುಹೋದರೆ ಅದನ್ನು ಆಟವೆನ್ನಬಹುದು, ಹಾರಾಟದ ಅನುಕರಣೆ ಎನ್ನಲಾಗದು. ನಿಜವಾದ ಜೆಟ್ ಎಂಜಿನ್ನಿನಲ್ಲಿ ಹಿಡಿಕೆಯಿಂದ ಹೊರಡುವುದು ಒಂದು ಕೋರಿಕೆ ಮಾತ್ರ. ಆ ಕೋರಿಕೆ ಬಲವಾಗಿ ಮಾರ್ಪಡುವುದಕ್ಕೆ ಕಾಲ ಬೇಕು. ಎಷ್ಟು ಕಾಲ ಬೇಕು, ಯಾವ ಎತ್ತರದಲ್ಲಿ ಯಾವ ವೇಗದಲ್ಲಿ ಎಷ್ಟು ಬಲ ದೊರೆಯುತ್ತದೆ ಎಂಬುದರಲ್ಲಿಯೇ ಎಂಜಿನ್ನಿನ ಸ್ವಭಾವವೆಲ್ಲ ಅಡಗಿದೆ. ಸಿಮ್ಯುಲೇಟರ್ ಎನಿಸಿಕೊಳ್ಳುವ ತಂತ್ರಾಂಶ ಮೊದಲು ಕಲಿಯಬೇಕಾದದ್ದು ಈ ವಿಳಂಬವನ್ನು.

ಜೆಟ್ ಎಂಜಿನ್ನಿನ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಬಹುದು: ಮುಂದಿನಿಂದ ಗಾಳಿಯನ್ನು ಎಳೆದುಕೊಂಡು, ಒತ್ತಿ, ಇಂಧನ ಬೆರೆಸಿ ಉರಿಸಿ, ಹಿಂದಕ್ಕೆ ಹೆಚ್ಚಿನ ವೇಗದಿಂದ ಚಿಮ್ಮಿಸುವುದು. ಒತ್ತುವ ಭಾಗ ಕಂಪ್ರೆಸರ್. ಉರಿದ ಅನಿಲ ಹೊರಹೋಗುವ ಮುನ್ನ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಕಂಪ್ರೆಸರ್ ಆ ಮೂಲಕ ತಿರುಗುತ್ತದೆ. ಹೀಗೆ ಬೆಂಕಿ ಗಾಳಿಯನ್ನು ತರುತ್ತದೆ, ಗಾಳಿ ಬೆಂಕಿಯನ್ನು ಉಳಿಸುತ್ತದೆ. ಈ ಪರಸ್ಪರಾವಲಂಬನೆಯೇ ವಿಳಂಬದ ಮೂಲ. ತಿರುಗುವ ಭಾಗದ ತೂಕ ಕಡಿಮೆಯೇನಲ್ಲ. ನಿಂತ ಬೀಸುಕಲ್ಲನ್ನು ಒಮ್ಮೆಲೇ ವೇಗಕ್ಕೆ ತರಲಾಗದಂತೆ ಇದನ್ನೂ ತರಲಾಗದು. ಗೂಟ ಹಿಡಿದು ಎಳೆದಷ್ಟೂ ಕಲ್ಲು ಮೆಲ್ಲಮೆಲ್ಲನೆ ಗತಿ ಪಡೆಯುತ್ತದೆ, ಗತಿ ಪಡೆದ ಮೇಲೆ ಹಗುರವಾಗುತ್ತದೆ. ಕನಿಷ್ಠ ವೇಗದಲ್ಲಿ ತಿರುಗುತ್ತಿರುವ ಎಂಜಿನ್ ಪೂರ್ಣ ಬಲಕ್ಕೆ ಬರಲು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಮುಕ್ಕಾಲು ಬಲದಲ್ಲಿ ಇರುವ ಎಂಜಿನ್ನಿಗೆ ಅಷ್ಟು ಹೊತ್ತು ಬೇಕಿಲ್ಲ.

ಬೇಗ ಬೇಕೆಂದು ಇಂಧನವನ್ನು ಧಾರಾಳವಾಗಿ ಸುರಿದರೆ ಏನಾಗುತ್ತದೆ? ಗಾಳಿ ಇನ್ನೂ ಹೆಚ್ಚದಿರುವಾಗ ಬೆಂಕಿ ಹೆಚ್ಚಿ, ದಹನಕೋಠಿಯ ಒತ್ತಡ ಏರಿ, ಗಾಳಿ ಮುಂದಕ್ಕೆ ಸಾಗಲಾರದೆ ಕಂಪ್ರೆಸರಿನ ಅಲಗುಗಳ ಮೇಲೆ ಅದರ ಹರಿವು ಕಡಿದುಹೋಗುತ್ತದೆ. ಇದನ್ನು ಕಂಪ್ರೆಸರ್ ಸ್ಟಾಲ್ ಎನ್ನುತ್ತಾರೆ. ದೊಡ್ಡ ಸದ್ದಿನೊಡನೆ ಬಲ ಕುಸಿಯುತ್ತದೆ, ಟರ್ಬೈನ್ ಅಳತೆ ಮೀರಿ ಕಾಯುತ್ತದೆ. ಎರಡನೆಯ ಮಹಾಯುದ್ಧದ ಕೊನೆಗಾಲದ ಜರ್ಮನ್ ಜೆಟ್ ಮೆಸ್ಸರ್‌ಶ್ಮಿಟ್ 262ರ ಪೈಲಟ್‌ಗಳು ಹಿಡಿಕೆಯನ್ನು ಇಂಚಿಂಚಾಗಿ ಸರಿಸಬೇಕಾಗಿತ್ತು. ಆತುರಪಟ್ಟರೆ ಎಂಜಿನ್ ಆರಿಹೋಗುತ್ತಿತ್ತು ಇಲ್ಲವೆ ಹೊತ್ತಿಕೊಳ್ಳುತ್ತಿತ್ತು. ಇಂದು ಆ ಎಚ್ಚರವನ್ನು ಇಂಧನ ನಿಯಂತ್ರಕ ವಹಿಸಿಕೊಂಡಿದೆ. ಪೈಲಟ್ ಹಿಡಿಕೆಯನ್ನು ಎಷ್ಟೇ ರಭಸದಿಂದ ತಳ್ಳಲಿ, ಎಂಜಿನ್ ತಾಳುವಷ್ಟು ಇಂಧನವನ್ನು ಮಾತ್ರ ಅದು ಬಿಡುತ್ತದೆ. ಎಂಜಿನ್ ಉಳಿಯುತ್ತದೆ; ವಿಳಂಬವೂ ಉಳಿಯುತ್ತದೆ.

ಇಳಿಯುವ ಹೊತ್ತಿನಲ್ಲಿ ಈ ಕೆಲವು ಸೆಕೆಂಡುಗಳ ಬೆಲೆ ತಿಳಿಯುತ್ತದೆ. ರನ್‌ವೇ ಸಮೀಪಿಸುವಾಗ ವಿಮಾನ ತಗ್ಗುತ್ತಿದೆ, ವೇಗ ಕುಂದುತ್ತಿದೆ, ಪೈಲಟ್ ಬಲವನ್ನು ತೀರ ಕಡಿಮೆ ಮಾಡಿದ್ದಾನೆ. ಮರುಕ್ಷಣ ಬಲ ಬೇಕೆನಿಸಿದಾಗ ಎಂಜಿನ್ ಬೀಸುಕಲ್ಲಿನಂತೆ ನಿಧಾನವಾಗಿ ಏಳುತ್ತದೆ, ನೆಲವೋ ನಿಧಾನಿಸದೆ ಮೇಲೇರಿ ಬರುತ್ತದೆ. ಆದ್ದರಿಂದ ಅನೇಕ ಯುದ್ಧವಿಮಾನಗಳಲ್ಲಿ ಇಳಿಯುವಾಗ ಗಾಳಿತಡೆಯ ಫಲಕಗಳನ್ನು ಬಿಚ್ಚಿಟ್ಟು, ಆ ಎಳೆತವನ್ನು ಸರಿದೂಗಿಸುವಷ್ಟು ಬಲವನ್ನು ಎಂಜಿನ್ನಿನಿಂದ ಪಡೆಯುತ್ತಾರೆ. ಒಂದು ಕೈಯಲ್ಲಿ ತಡೆದು ಇನ್ನೊಂದರಲ್ಲಿ ನೂಕುವುದು ಹೊರನೋಟಕ್ಕೆ ದುಂದುಗಾರಿಕೆ. ಆದರೆ ಎಂಜಿನ್ ಆಗ ಮೇಲಿನ ವೇಗದಲ್ಲಿಯೇ ತಿರುಗುತ್ತಿರುವುದರಿಂದ ಕೇಳಿದಾಗ ಬಲ ಬೇಗ ಬರುತ್ತದೆ. ವಿಮಾನವಾಹಕ ಹಡಗಿನ ಮೇಲೆ ಇಳಿಯುವ ಪೈಲಟ್ ಚಕ್ರ ತಾಗಿದೊಡನೆ ಹಿಡಿಕೆಯನ್ನು ಮುಂದಕ್ಕೆ ತಳ್ಳುವುದೂ ಇದೇ ಕಾರಣಕ್ಕೆ. ಬಾಲದ ಕೊಕ್ಕೆ ಹಗ್ಗಕ್ಕೆ ಸಿಕ್ಕಲಿಲ್ಲವೆಂದು ತಿಳಿದ ಮೇಲೆ ತಳ್ಳಿದರೆ ಕಾಲ ಮೀರಿರುತ್ತದೆ. ತಡವಿಲ್ಲದ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿದ ಕೈಗೆ ಈ ಪದ್ಧತಿಗಳು ಅರ್ಥವಾಗುವುದೇ ಇಲ್ಲ. ತಪ್ಪು ಕಲಿತ ಕೈ ಏನೂ ಕಲಿಯದ ಕೈಗಿಂತ ಅಪಾಯಕಾರಿ.

ಈ ಸ್ವಭಾವವನ್ನು ಗಣಕಕ್ಕೆ ಕಲಿಸುವ ಬಗೆಗೆ ಎಫ್-16 ವಿಮಾನದ ಒಂದು ಮಾದರಿ ಒಳ್ಳೆಯ ನಿದರ್ಶನ. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಸಂಶೋಧನಾ ಕೇಂದ್ರ 1979ರಲ್ಲಿ ಆ ವಿಮಾನದ ಸಿಮ್ಯುಲೇಟರ್ ಅಧ್ಯಯನವೊಂದನ್ನು ಪ್ರಕಟಿಸಿತು. ಅದರ ಅಂಕಿಗಳನ್ನು ಸಂಕ್ಷೇಪಿಸಿ ಬ್ರಯನ್ ಸ್ಟೀವನ್ಸ್ ಮತ್ತು ಫ್ರಾಂಕ್ ಲೂಯಿಸ್ ತಮ್ಮ ಪಠ್ಯಪುಸ್ತಕದಲ್ಲಿ ಅಳವಡಿಸಿದರು. ಅಲ್ಲಿಂದೀಚೆಗೆ ವಿಮಾನ ನಿಯಂತ್ರಣವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಲೋಕದ ಅನೇಕ ಕಡೆ ಈ ಮಾದರಿಯನ್ನೇ ಬರೆದು, ತಿದ್ದಿ, ಹಾರಿಸಿ ನೋಡಿದ್ದಾರೆ. ಅದರೊಳಗೆ ಕಂಪ್ರೆಸರಿಲ್ಲ, ಟರ್ಬೈನಿಲ್ಲ, ಬೆಂಕಿಯೂ ಇಲ್ಲ. ಇರುವುದು ಮೂರು ಅಂಕಿಪಟ್ಟಿಗಳು ಮತ್ತು ಒಂದು ವಿಳಂಬ ಸೂತ್ರ.

ಮೂರು ಪಟ್ಟಿಗಳು ಎಂಜಿನ್ನಿನ ಮೂರು ಸ್ಥಿತಿಗಳಿಗೆ ಸಂಬಂಧಿಸಿದವು: ಕನಿಷ್ಠ ಬಲ, ಆಫ್ಟರ್‌ಬರ್ನರ್ ಇಲ್ಲದ ಪೂರ್ಣ ಬಲ, ಆಫ್ಟರ್‌ಬರ್ನರ್ ಸಹಿತ ಗರಿಷ್ಠ ಬಲ. ನಡುವಿನದಕ್ಕೆ ವೈಮಾನಿಕರು ಮಿಲಿಟರಿ ಪವರ್ ಎಂದು ಹೆಸರಿಟ್ಟಿದ್ದಾರೆ. ಪ್ರತಿ ಪಟ್ಟಿಯಲ್ಲಿಯೂ ಸಮುದ್ರಮಟ್ಟದಿಂದ 50,000 ಅಡಿಯವರೆಗಿನ ಎತ್ತರಗಳಿಗೆ, ನಿಂತ ಸ್ಥಿತಿಯಿಂದ ಶಬ್ದದ ವೇಗದವರೆಗಿನ ವೇಗಗಳಿಗೆ ನೂಕುಬಲವನ್ನು ಪೌಂಡುಗಳಲ್ಲಿ ಕೊಟ್ಟಿದೆ. ನಡುವಿನ ಬಿಂದುಗಳಿಗೆ ಗಣಕ ಲೆಕ್ಕ ಹಾಕಿಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ನಿಂತ ವಿಮಾನಕ್ಕೆ ಮಿಲಿಟರಿ ಬಲ 12,680 ಪೌಂಡು, ಎಂದರೆ ಸುಮಾರು 5,750 ಕಿಲೋಗ್ರಾಂ ತೂಕವನ್ನು ಎತ್ತುವಷ್ಟು. ಅದೇ ಬಲ 30,000 ಅಡಿ ಎತ್ತರದಲ್ಲಿ 3,950 ಪೌಂಡಿಗೆ ಇಳಿಯುತ್ತದೆ. ಅಲ್ಲಿ ಗಾಳಿ ತೆಳು, ಉರಿಸಲು ಸಿಗುವ ಪದಾರ್ಥವೇ ಕಡಿಮೆ.

ಕನಿಷ್ಠ ಬಲದ ಪಟ್ಟಿಯಲ್ಲಿ ಓದುಗನನ್ನು ತಡೆದು ನಿಲ್ಲಿಸುವ ಒಂದು ಅಂಕಿಯಿದೆ. ಸಮುದ್ರಮಟ್ಟದಲ್ಲಿ, ಶಬ್ದದ ವೇಗದ ಹತ್ತರಲ್ಲಿ ಆರು ಪಾಲು ವೇಗದಲ್ಲಿ, ಬಲ ಋಣ 1,020 ಪೌಂಡು. ಉರಿಯುತ್ತಿರುವ ಎಂಜಿನ್ ವಿಮಾನವನ್ನು ಹಿಂದಕ್ಕೆ ಎಳೆಯುತ್ತಿದೆ! ಇದು ಅಚ್ಚಿನ ದೋಷವಲ್ಲ. ನೂಕುಬಲವೆಂದರೆ ಹೊರಹೋಗುವ ಅನಿಲದ ವೇಗಕ್ಕೂ ಒಳಬರುವ ಗಾಳಿಯ ವೇಗಕ್ಕೂ ಇರುವ ವ್ಯತ್ಯಾಸವನ್ನು ಗಾಳಿಯ ಪ್ರಮಾಣದಿಂದ ಗುಣಿಸಿದ್ದು. ವಿಮಾನ ವೇಗವಾಗಿ ಸಾಗುತ್ತಿರುವಾಗ ಎಂಜಿನ್ ಮಂದವಾಗಿ ಉರಿದರೆ ಗಾಳಿ ಬಂದ ವೇಗಕ್ಕಿಂತ ನಿಧಾನವಾಗಿ ಹೊರಬೀಳುತ್ತದೆ, ವ್ಯತ್ಯಾಸ ಋಣವಾಗುತ್ತದೆ. ಹಿಡಿಕೆಯನ್ನು ಹಿಂದಕ್ಕೆಳೆದಾಗ ವಿಮಾನ ತೇಲಿಕೊಂಡು ಹೋಗದೆ ಬ್ರೇಕು ಹಾಕಿದಂತೆ ನಿಧಾನಿಸುವುದರಲ್ಲಿ ಇದರ ಪಾಲೂ ಇದೆ. ಕನಿಷ್ಠ ಸ್ಥಿತಿಗೆ ಸೊನ್ನೆ ಬಲವೆಂದು ಬರೆದುಬಿಡುವ ಅಗ್ಗದ ಮಾದರಿಗಳಲ್ಲಿ ಈ ಅನುಭವ ಸಿಕ್ಕುವುದಿಲ್ಲ.

ಇನ್ನು ವಿಳಂಬ ಸೂತ್ರ. ಹಿಡಿಕೆಯ ನೂರರಲ್ಲಿ 77 ಭಾಗದ ಸ್ಥಾನವನ್ನು ಮಾದರಿ 50 ಎಂಬ ಶಕ್ತಿಮಟ್ಟವೆಂದು ಎಣಿಸುತ್ತದೆ; ಅದು ಮಿಲಿಟರಿ ಬಲ. ಅಲ್ಲಿಂದ ಮೇಲಿನ 100ರವರೆಗೆ ಆಫ್ಟರ್‌ಬರ್ನರಿನ ಪ್ರಾಂತ. ಕೇಳಿದ ಮಟ್ಟಕ್ಕೂ ಇರುವ ಮಟ್ಟಕ್ಕೂ ಅಂತರ 25ಕ್ಕಿಂತ ಕಡಿಮೆಯಿದ್ದರೆ ಎಂಜಿನ್ ಒಂದು ಸೆಕೆಂಡಿನ ಕಾಲಾಂಕದಿಂದ ಸ್ಪಂದಿಸುತ್ತದೆ. ಅಂತರ 50 ಮೀರಿದರೆ ಹತ್ತು ಸೆಕೆಂಡಿನ ಕಾಲಾಂಕದಿಂದ. ಸಣ್ಣ ಕೋರಿಕೆ ಬೇಗ ಈಡೇರುತ್ತದೆ, ದೊಡ್ಡ ಕೋರಿಕೆ ಕಾಯಬೇಕಾಗುತ್ತದೆ. ಬೀಸುಕಲ್ಲಿನ ನ್ಯಾಯವೇ ಇಲ್ಲಿ ಎರಡು ಸಾಲಿನ ಗಣಿತವಾಗಿದೆ. ಕನಿಷ್ಠ ಬಲದಲ್ಲಿರುವಾಗ ಪೈಲಟ್ ಗರಿಷ್ಠವನ್ನೇ ಕೇಳಿದರೂ ಮಾದರಿ ಒಮ್ಮೆಲೇ 100ನ್ನು ಗುರಿಯಾಗಿಡುವುದಿಲ್ಲ. ಮೊದಲು 60ರ ಕಡೆಗೆ ಸಾಗುತ್ತದೆ, 50 ದಾಟಿದ ಬಳಿಕವೇ ನಿಜವಾದ ಗುರಿಯತ್ತ ಹೊರಳುತ್ತದೆ. ಒಳಗಿನ ಎಂಜಿನ್ ಪೂರ್ಣ ಗತಿಗೆ ಬರುವ ಮುನ್ನ ಆಫ್ಟರ್‌ಬರ್ನರ್ ಹೊತ್ತಬಾರದು ಎಂಬ ನಿಯಮಕ್ಕೆ ಇದು ಗಣಿತದ ರೂಪ. ಸೂತ್ರವನ್ನು ಹಿಡಿದು ಲೆಕ್ಕ ಮಾಡಿದರೆ ಕನಿಷ್ಠದಿಂದ 50ಕ್ಕೆ ಬರಲು ಸುಮಾರು ನಾಲ್ಕೂಕಾಲು ಸೆಕೆಂಡು ಹಿಡಿಯುತ್ತದೆ. ಅದರ ಮೇಲಿನ ಅರ್ಧವನ್ನು ಮಾದರಿ ಒಂದು ಸೆಕೆಂಡಿನೊಳಗೆ ಮುಗಿಸಿಬಿಡುತ್ತದೆ. ಈ ಕೊನೆಯ ಆತುರ ಮಾತ್ರ ಒಪ್ಪತಕ್ಕದ್ದಲ್ಲ. ಅದೇಕೆಂದು ತಿಳಿಯಲು ಆಫ್ಟರ್‌ಬರ್ನರಿನ ಒಳಗನ್ನು ನೋಡಬೇಕು.

ಎಂಜಿನ್ನಿನ ದಹನಕೋಠಿಯಲ್ಲಿ ಇಂಧನವನ್ನು ಮನಬಂದಷ್ಟು ಉರಿಸುವಂತಿಲ್ಲ. ಟರ್ಬೈನಿನ ಅಲಗುಗಳು ಕರಗಿಹೋಗುತ್ತವೆ. ಹಾಗಾಗಿ ಒಳಬಂದ ಗಾಳಿಯ ಆಮ್ಲಜನಕದ ಬಹುಭಾಗ ಉರಿಯದೆಯೇ ಟರ್ಬೈನನ್ನು ದಾಟುತ್ತದೆ. ದಾಟಿದ ಮೇಲೆ ತಿರುಗುವ ಅಲಗುಗಳಿಲ್ಲ, ಬರಿಯ ಕೊಳವೆ. ಅಲ್ಲಿ ಮತ್ತೆ ಇಂಧನ ಸಿಂಪಡಿಸಿ ಎರಡನೆಯ ಬೆಂಕಿ ಹಚ್ಚುವುದೇ ಆಫ್ಟರ್‌ಬರ್ನರ್. ಅಮೆರಿಕನ್ನರ ಈ ಹೆಸರಿಗೆ ಸಮನಾಗಿ ಬ್ರಿಟಿಷರು ರೀಹೀಟ್ ಎನ್ನುತ್ತಾರೆ. ಕನ್ನಡದಲ್ಲಿ ಮೊದಲನೆಯದನ್ನು ಅನುಸರಿಸಿ ಉತ್ತರದಹನ ಎನ್ನಬಹುದಾದರೂ ದಿಕ್ಕಿನ ನೆನಪು ಅಡ್ಡಬರುತ್ತದೆ. ಒಮ್ಮೆ ಉರಿದದ್ದನ್ನು ಮತ್ತೆ ಉರಿಸುವ ಕ್ರಿಯೆಗೆ ಮರುದಹನ ಎಂಬುದೇ ಮೇಲು.

ಮರುದಹನದ ಕೊಳವೆಯಲ್ಲಿ ಗಾಳಿ ಬಿರುಗಾಳಿಗಿಂತ ವೇಗವಾಗಿ ಹರಿಯುತ್ತಿರುತ್ತದೆ. ಅದರಲ್ಲಿ ಜ್ವಾಲೆ ನಿಲ್ಲಬೇಕಾದರೆ ಮರೆ ಬೇಕು. ಗಾಳಿಗೆ ಅಂಗೈ ಅಡ್ಡ ಹಿಡಿದು ಹಣತೆ ಕಾಯುವಂತೆ, ಜ್ವಾಲಾಧಾರಕಗಳೆಂಬ ಲೋಹದ ಅಡ್ಡಪಟ್ಟಿಗಳು ತಮ್ಮ ಬೆನ್ನ ಹಿಂದೆ ಬೆಂಕಿಯನ್ನು ಕಾಯುತ್ತವೆ. ಇಂಧನವನ್ನು ಒಮ್ಮೆಲೇ ಸಿಂಪಡಿಸುವುದಿಲ್ಲ, ಒಂದರ ನಂತರ ಒಂದು ವಲಯವಾಗಿ ಬಿಡುತ್ತಾರೆ. ಬೆಂಕಿ ಹೊತ್ತಿದೊಡನೆ ಅನಿಲ ಹಿಗ್ಗುತ್ತದೆ. ಹಿಂಬದಿಯ ನಳಿಕೆ ಅದೇ ಹೊತ್ತಿಗೆ ಹೂವರಳಿದಂತೆ ಅಗಲವಾಗದಿದ್ದರೆ ಒತ್ತಡ ಹಿಂದಕ್ಕೆ ಸರಿದು ಮುಂದಿನ ಫ್ಯಾನನ್ನೂ ಕಂಪ್ರೆಸರನ್ನೂ ಕಂಗೆಡಿಸುತ್ತದೆ. ಬೆಂಕಿ, ಇಂಧನ, ನಳಿಕೆ ಈ ಮೂರರ ಹೆಜ್ಜೆಗಳೂ ಕೂಡಿಬರಬೇಕಾದ್ದರಿಂದ ಮರುದಹನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಫ್-16ರ ಸರಳ ಮಾದರಿ ಈ ಮೆಟ್ಟಿಲುಗಳನ್ನೆಲ್ಲ ಅಳಿಸಿ ಇಳಿಜಾರು ಮಾಡಿದೆ. ವಿಮಾನದ ಸ್ಥಿರತೆಯನ್ನು ಅಭ್ಯಸಿಸುವವರಿಗೆ ಅಷ್ಟು ಸಾಕು, ಎಂಜಿನ್ನಿನೊಡನೆ ಬಾಳಬೇಕಾದವರಿಗೆ ಸಾಲದು.

ಮರುದಹನವೆಂದರೆ ಮಿಲಿಟರಿ ಬಲಕ್ಕೆ ಇನ್ನಷ್ಟು ಸೇರಿಸಿದ್ದು ಎಂಬ ಎಣಿಕೆ ಸಾಮಾನ್ಯ. ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಬೇರೆಯದೇ ಕಥೆ ಕಾಣುತ್ತದೆ. ಸಮುದ್ರಮಟ್ಟದಲ್ಲಿ ನಿಂತ ವಿಮಾನಕ್ಕೆ ಗರಿಷ್ಠ ಬಲ 20,000 ಪೌಂಡು. ವಿಮಾನ ಶಬ್ದದ ವೇಗ ತಲುಪುವಾಗ ಮಿಲಿಟರಿ ಬಲ 12,680ರಿಂದ 11,680ಕ್ಕೆ ಕುಗ್ಗಿದರೆ, ಮರುದಹನದ ಬಲ 20,000ದಿಂದ 28,886ಕ್ಕೆ ಹಿಗ್ಗುತ್ತದೆ. ವೇಗ ಏರಿದಂತೆ ಗಾಳಿ ತಾನಾಗಿಯೇ ಒತ್ತಿಕೊಂಡು ಹೆಚ್ಚು ಪ್ರಮಾಣದಲ್ಲಿ ಒಳನುಗ್ಗುತ್ತದೆ; ಎರಡೂ ಸ್ಥಿತಿಗಳಿಗೆ ಇದು ಲಾಭ. ಆದರೆ ಒತ್ತಿಕೊಂಡ ಗಾಳಿ ಬಿಸಿಯೂ ಆಗಿರುತ್ತದೆ. ಟರ್ಬೈನಿನ ತಾಪಮಿತಿ ಸ್ಥಿರವಾಗಿರುವುದರಿಂದ ಮೊದಲ ಬೆಂಕಿಗೆ ಸೇರಿಸಬಹುದಾದ ಶಾಖ ಕಡಿಮೆಯಾಗುತ್ತದೆ. ಹೊರಬೀಳುವ ಅನಿಲಕ್ಕೂ ವಿಮಾನಕ್ಕೂ ಇರುವ ವೇಗದ ಅಂತರವೂ ಕಿರಿದಾಗುತ್ತದೆ. ಎರಡನೆಯ ಬೆಂಕಿಗೆ ಟರ್ಬೈನಿನ ಅಂಕೆಯಿಲ್ಲ. ಅದರ ಅನಿಲ ಬಹಳ ವೇಗವಾಗಿ ಚಿಮ್ಮುವುದರಿಂದ ವಿಮಾನದ ವೇಗವನ್ನು ಕಳೆದರೂ ಉಳಿಕೆ ದೊಡ್ಡದು. ವೇಗವೇ ವೇಗವನ್ನು ಪೋಷಿಸುವ ಈ ಗುಣದಿಂದಾಗಿ ಪೈಲಟ್‌ಗಳು ನಿಧಾನವಾಗಿ ಏರುವುದಕ್ಕಿಂತ ಕೆಳಗೇ ವೇಗ ಗಳಿಸಿ ಬಳಿಕ ಮೂಗೆತ್ತುತ್ತಾರೆ. ಎಲ್ಲ ವೇಗಕ್ಕೂ ಒಂದೇ ಶೇಕಡಾವಾರು ಹೆಚ್ಚಳವನ್ನು ಬರೆದಿಟ್ಟ ಸಿಮ್ಯುಲೇಟರಿನಲ್ಲಿ ಈ ಯುಕ್ತಿಯ ಫಲ ಪೂರ್ತಿ ಕಾಣುವುದಿಲ್ಲ.

ಬಲಕ್ಕೆ ಬೆಲೆಯುಂಟು. ನಿಂತ ಸ್ಥಿತಿಯಲ್ಲಿ ಬಲ ಒಂದೂವರೆ ಪಟ್ಟಿನಷ್ಟು ಏರುವುದಕ್ಕೆ ಇಂಧನದ ಹರಿವು ನಾಲ್ಕೈದು ಪಟ್ಟು ಏರುತ್ತದೆ. ಎಫ್-16 ತನ್ನೊಡಲಲ್ಲಿ ಹೊರುವ ಇಂಧನ ಸುಮಾರು 3,200 ಕಿಲೋಗ್ರಾಂ. ತಗ್ಗಿನಲ್ಲಿ ಪೂರ್ಣ ಮರುದಹನದಲ್ಲಿ ಹಾರಿದರೆ ಅದು ಹತ್ತು ನಿಮಿಷವೂ ಬಾರದು. ಸ್ಟೀವನ್ಸ್ ಮತ್ತು ಲೂಯಿಸರ ಮಾದರಿಯಲ್ಲಿ ವಿಮಾನದ ತೂಕ 20,500 ಪೌಂಡು ಎಂದು ಒಮ್ಮೆ ಬರೆದರೆ ಮುಗಿಯಿತು. ಅಲ್ಲಿ ಇಂಧನ ಖರ್ಚಾಗುವುದೇ ಇಲ್ಲ, ಅಕ್ಷಯಪಾತ್ರೆ ಹೊತ್ತ ವಿಮಾನದಂತೆ ಅದು ಎಷ್ಟು ಹೊತ್ತಾದರೂ ಉರಿಯುತ್ತಿರುತ್ತದೆ.

ಮಾದರಿ ಬಿಟ್ಟ ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ಪಟ್ಟಿಗೆ ಗೊತ್ತಿರುವುದು ಎತ್ತರ ಮತ್ತು ವೇಗ ಮಾತ್ರ. ವಿಮಾನದ ಮೂಗು ಗಾಳಿಗೆ ನೇರವಾಗಿದೆಯೇ ಓರೆಯಾಗಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಎಂಜಿನ್ನಿಗೆ ಅದು ಚೆನ್ನಾಗಿ ಗೊತ್ತು. ಅಮೆರಿಕದ ನೌಕಾಪಡೆಯ ಎಫ್-14ಎ ವಿಮಾನದ ಟಿಎಫ್-30 ಎಂಜಿನ್ ಇದಕ್ಕೆ ಕುಖ್ಯಾತ. ಗಾಳಿ ಓರೆಯಾಗಿ ಒಳಹೊಕ್ಕಾಗ, ಅದರಲ್ಲಿಯೂ ಹಿಡಿಕೆಯನ್ನು ಚುರುಕಾಗಿ ಸರಿಸಿದಾಗ, ಅದರ ಕಂಪ್ರೆಸರ್ ಸ್ಟಾಲ್ ಆಗುತ್ತಿತ್ತು. ಆ ವಿಮಾನದ ಎರಡು ಎಂಜಿನ್‌ಗಳು ಪರಸ್ಪರ ದೂರದಲ್ಲಿವೆ. ಒಂದು ಕೈಬಿಟ್ಟು ಇನ್ನೊಂದು ಪೂರ್ಣ ಬಲದಲ್ಲಿ ಉರಿದರೆ ವಿಮಾನ ಬದಿಗೆ ತಿರುಚಿಕೊಳ್ಳುತ್ತದೆ. 1994ರ ಅಕ್ಟೋಬರ್ 25ರಂದು ಅಬ್ರಹಾಂ ಲಿಂಕನ್ ಹಡಗಿನ ಮೇಲೆ ಇಳಿಯಲು ಬರುತ್ತಿದ್ದ ಎಫ್-14ಎ ವಿಮಾನದ ಎಡ ಎಂಜಿನ್ ಹೀಗೆ ಸ್ಟಾಲ್ ಆಗಿ, ವಿಮಾನ ಎಡಕ್ಕೆ ಹೊರಳಿ ಸಮುದ್ರಕ್ಕೆ ಬಿತ್ತು. ಪೈಲಟ್ ಕಾರಾ ಹಲ್ಟ್‌ಗ್ರೀನ್ ಮೃತರಾದರು. ಹಿಂದಿನ ಆಸನದ ಅಧಿಕಾರಿ ಪಾರಾದರು. ಕಣ್ಣುಮಿಟುಕಿಸುವಷ್ಟರಲ್ಲಿ ನಡೆದುಹೋಗುವ ಇಂಥ ಘಟನೆಯನ್ನು ಗಾಳಿಯಲ್ಲಿ ಅಭ್ಯಾಸ ಮಾಡಲಾಗದು, ನೆಲದ ಮೇಲಿನ ಸಿಮ್ಯುಲೇಟರಿನಲ್ಲಿಯೇ ಮಾಡಬೇಕು. ಅಲ್ಲಿಯ ಎಂಜಿನ್ ಎಂದಿಗೂ ಸ್ಟಾಲ್ ಆಗದ ಸಾಧುವಾಗಿದ್ದರೆ ಅಭ್ಯಾಸಕ್ಕೆ ಅರ್ಥವಿಲ್ಲ.

ಮನೆಯ ಗಣಕಕ್ಕೆ ಉಚಿತವಾಗಿ ದೊರೆಯುವ ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರಿನಲ್ಲಿ ಅನೇಕ ವಿಮಾನಗಳ ಚಲನೆಯನ್ನು ಲೆಕ್ಕಹಾಕುವುದು ಜೆಎಸ್‌ಬಿಸಿಮ್ ಎಂಬ ಮುಕ್ತ ತಂತ್ರಾಂಶ. ಅದರ ಎಂಜಿನ್ನಿನಲ್ಲಿಯೂ ಪಟ್ಟಿಗಳಿವೆ, ಜೊತೆಗೆ ತಿರುಗುವ ಭಾಗಗಳ ವೇಗವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವ ವ್ಯವಸ್ಥೆಯಿದೆ, ಇಂಧನದ ಖರ್ಚೂ ಇದೆ. ಮರುದಹನವನ್ನು ಹಚ್ಚಲು ಮೂರು ದಾರಿಗಳನ್ನು ಅದು ಒದಗಿಸುತ್ತದೆ: ಪ್ರತ್ಯೇಕ ಗುಂಡಿಯೊಂದರಿಂದ, ಹಿಡಿಕೆ 99 ಶೇಕಡಾ ದಾಟಿದಾಗ ತಾನಾಗಿ, ಇಲ್ಲವೆ ಹಿಡಿಕೆಯ ವ್ಯಾಪ್ತಿಯನ್ನೇ ವಿಸ್ತರಿಸಿ ಅದರ ಮೇಲಿನ ಭಾಗವನ್ನು ಮರುದಹನಕ್ಕೆ ಮೀಸಲಿಟ್ಟು. ಮೂರನೆಯದು ನಿಜಕ್ಕೆ ಹತ್ತಿರ. ಅದರಲ್ಲಿ ಮರುದಹನವನ್ನು ಹೆಚ್ಚು ಕಡಿಮೆ ಮಾಡಬಹುದು. ನಿಜವಾದ ವಿಮಾನದಲ್ಲಿ ಮಿಲಿಟರಿ ಬಲದ ಸ್ಥಾನದಲ್ಲಿ ಒಂದು ತಡೆಯಿರುತ್ತದೆ, ಉದ್ದೇಶಪೂರ್ವಕವಾಗಿ ದಾಟಿಸದೆ ಹಿಡಿಕೆ ಮುಂದೆ ಹೋಗದು. ಮನೆಯ ಹಿಡಿಕೆಗಳಲ್ಲಿ ತಡೆ ಇಲ್ಲದಿರುವುದೂ ಉಂಟು, ಇದ್ದರೂ ತಂತ್ರಾಂಶದ ಗಡಿಗೆ ಹೊಂದದಿರುವುದೂ ಉಂಟು. ಆಗ ಹಾರಾಟಗಾರನಿಗೆ ತಿಳಿಯದಂತೆ ಮರುದಹನ ಉರಿಯುತ್ತಲೇ ಇದ್ದು ಇಂಧನ ಅರ್ಧದಾರಿಯಲ್ಲಿ ಮುಗಿಯುತ್ತದೆ. ಅವನು ತಂತ್ರಾಂಶವನ್ನು ಬೈಯುತ್ತಾನೆ.

ಪಟ್ಟಿಯ ಅಂಕಿಗಳು ಗಣಕದಲ್ಲಿ ಹುಟ್ಟುವುದಿಲ್ಲ. ನೆಲದ ಮೇಲೆ ಎಂಜಿನ್ನನ್ನು ಕಟ್ಟಿಹಾಕಿ ಉರಿಸಿದ ಪರೀಕ್ಷಾಪೀಠಗಳಿಂದ, ಗಾಳಿಸುರಂಗಗಳಿಂದ, ಕೊನೆಗೆ ಪರೀಕ್ಷಾ ಪೈಲಟ್‌ಗಳ ಹಾರಾಟದಿಂದ ಅವು ಬರುತ್ತವೆ. ಈ ಕೆಲಸದ ಒಂದು ಅಧ್ಯಾಯ ಬೆಂಗಳೂರಿನಲ್ಲಿಯೇ ನಡೆದಿದೆ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕರ ಮಾರ್ಗದರ್ಶನದಲ್ಲಿ ಎಚ್ಎಎಲ್ ನಿರ್ಮಿಸಿದ ಎಚ್ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲು ಹಾರಿತು. ಅದಕ್ಕೆಂದು ಎಣಿಸಿದ್ದ ಮರುದಹನವುಳ್ಳ ಓರ್ಫಿಯಸ್ ಎಂಜಿನ್ನಿನ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋದದ್ದರಿಂದ, ತಲಾ 4,850 ಪೌಂಡು ಬಲದ ಎರಡು ಓರ್ಫಿಯಸ್ 703 ಎಂಜಿನ್‌ಗಳೊಡನೆ, ಮರುದಹನವಿಲ್ಲದೆ ಅದು ತೃಪ್ತಿಪಡಬೇಕಾಯಿತು. ಸೊಗಸಾದ ಒಡಲಿದ್ದೂ ಅದಕ್ಕೆ ತಕ್ಕ ಬಲ ಸಿಗದ ವಿಮಾನವದು. ಆ ಕೊರತೆಯನ್ನು ನೀಗಲು ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ ಓರ್ಫಿಯಸ್ 703ಕ್ಕೆ ಮರುದಹನವನ್ನು ರೂಪಿಸಿತು. ಅಂಥ ಎಂಜಿನ್ ಅಳವಡಿಸಿದ ಮಾರುತ್ ವಿಮಾನವನ್ನು ಪರೀಕ್ಷಿಸುತ್ತಿದ್ದಾಗ 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ಬಳಿಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. 2001ರ ಜನವರಿ 4ರಂದು ಅದೇ ನಿಲ್ದಾಣದಿಂದ ಮೊದಲು ಮೇಲೇರಿದ ತೇಜಸ್ ವಿಮಾನದ ಹೊತ್ತಿಗೆ ಕಾಲ ಬದಲಾಗಿತ್ತು; ಅದರ ಹಾರಾಟವನ್ನು ನೆಲದ ಮೇಲೆಯೇ ಅನುಕರಿಸಿ ನೋಡುವ ಸಿಮ್ಯುಲೇಟರುಗಳನ್ನು ಬೆಂಗಳೂರಿನ ಎಡಿಇ ಸಂಸ್ಥೆ ಸಿದ್ಧಪಡಿಸಿತ್ತು.

ಯಾವುದೇ ಸಿಮ್ಯುಲೇಟರಿನ ಎಂಜಿನ್ನನ್ನು ಪರೀಕ್ಷಿಸಲು ಗಡಿಯಾರವೊಂದು ಸಾಕು. ರನ್‌ವೇಯ ಮೇಲೆ ಬ್ರೇಕು ಹಿಡಿದು ನಿಂತು, ಕನಿಷ್ಠದಿಂದ ಮಿಲಿಟರಿ ಬಲಕ್ಕೆ ತಳ್ಳಿ, ಎಂಜಿನ್ನಿನ ವೇಗಸೂಚಿ ನೆಲೆನಿಲ್ಲುವವರೆಗೆ ಎಣಿಸಬೇಕು. ಬಳಿಕ ಮುಕ್ಕಾಲು ಬಲದಿಂದ ಹೊರಟು ಅದನ್ನೇ ಮಾಡಬೇಕು. ಎರಡೂ ಎಣಿಕೆ ಒಂದೇ ಆದರೆ ಒಳಗೆ ಬೀಸುಕಲ್ಲಿಲ್ಲ ಎಂದರ್ಥ. ಆಮೇಲೆ ಸಮುದ್ರಮಟ್ಟದಲ್ಲಿ ವೇಗವಾಗಿ ಹಾರುತ್ತ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆಳೆದು ವಿಮಾನ ಎಷ್ಟು ಬೇಗ ವೇಗ ಕಳೆದುಕೊಳ್ಳುತ್ತದೆಂದು ನೋಡಬೇಕು. ಕೊನೆಯದಾಗಿ ಕನಿಷ್ಠ ಬಲದಿಂದ ನೇರವಾಗಿ ಮರುದಹನಕ್ಕೆ ತಳ್ಳಿ ಬಾಲದ ಕಡೆ ಕಣ್ಣಿಡಬೇಕು: ನಳಿಕೆ ಮೊದಲು ಕಿರಿದಾಗಿ, ಎಂಜಿನ್ ಗತಿಗೆ ಬಂದ ಮೇಲೆ ಅರಳಿ, ಜ್ವಾಲೆ ಹಂತಹಂತವಾಗಿ ಉದ್ದವಾಗುತ್ತ ಹೋದರೆ ಆ ತಂತ್ರಾಂಶ ಬರೆದವರು ಎಂಜಿನ್ನನ್ನು ಓದಿಕೊಂಡಿದ್ದಾರೆ.